ಬಿಟ್ಟು ಓದಿದ ಕಲಮು

ನಂಜನಗೂಡಿನ ಪಾರ್ಕಿನಲ್ಲಿ ಪುರಸಭೆಯವರು ಒಂದು ರೇಡಿಯೋ ಇಟ್ಟಿದ್ದಾರೆ. ಹೆಂಚು ಹೊದಿಸಿದ ಸಣ್ಣ ಗೂಡು, ಅದಕ್ಕೊಂದು ಬೀಗ, ನೆತ್ತಿಯ ಮೇಲೊಂದು ತುತ್ತೂರಿ. ಸಂಜೆಯಾಗುತ್ತಲೇ ಪುರಸಭೆಯ ಜವಾನ ಬಂದು ಬೀಗ ತೆಗೆದು ಅದರ ಕಿವಿ ಹಿಂಡುತ್ತಾನೆ. ಮೊದಲು ಗೊರಗೊರ ಸದ್ದು, ಆಮೇಲೆ ಒಂದು ಹಾಡು, ಆಮೇಲೆ ಯಾರೋ ವಿದ್ಯಾವಂತರು ಶುದ್ಧ ಕನ್ನಡದಲ್ಲಿ ಮನೆವಾರ್ತೆ, ಮಕ್ಕಳ ಕೆಮ್ಮು, ಯುದ್ಧ, ಬಿತ್ತನೆ ಎಲ್ಲವನ್ನೂ ಕುರಿತು ಮಾತಾಡುತ್ತಾರೆ. ಜನ ಹುಲ್ಲಿನ ಮೇಲೆ ಕಡಲೆಕಾಯಿ ಸುಲಿಯುತ್ತ ಕೇಳುತ್ತಾರೆ. ಭಾಷಣ ಮುಗಿದ ಮೇಲೆ ಅವರವರ ಭಾಷಣ ಶುರುವಾಗುತ್ತದೆ.

ಹೋದ ತಿಂಗಳು ತಂಗಿಯ ಮನೆಗೆಂದು ಹೋದವನು ನಾನೂ ಅಲ್ಲಿ ಕುಳಿತಿದ್ದೆ. ಅಂದಿನ ಮಾತು ಚಳಿಜ್ವರದ ಮೇಲೆ. ನನ್ನ ಪಕ್ಕದಲ್ಲಿದ್ದ ಹೆಡತಲೆ ಹಳ್ಳಿಯ ಕಡೆಯ ಮುದುಕರೊಬ್ಬರು ಎದ್ದು ಗೂಡಿನ ಹತ್ತಿರ ಹೋಗಿ, ಸೊಳ್ಳೆ ಕಚ್ಚಿದ್ದಕ್ಕೆ ಚಳಿ ಯಾಕೆ ಬರಬೇಕೆಂದು ಅದನ್ನೇ ಕೇಳಿದರು. ಕೇಳಿ, ಕೈಕಟ್ಟಿಕೊಂಡು ಉತ್ತರಕ್ಕೆ ಕಾದರು. ಜವಾನ ನಕ್ಕು, “ಅದ್ಕೆ ಬಾಯ್ ಮಾತ್ರ ಕಣಜ್ಜ, ಕಿವಿ ಇಲ್ಲ” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ಆ ಮಾತು ಮತ್ತೆ ನೆನಪಾಯಿತು. ನಲವತ್ತು ವರ್ಷದ ಹಿಂದೆ ನಾನೂ ಅಂಥದೇ ಒಂದು ಪೆಟ್ಟಿಗೆಯಾಗಿದ್ದೆ. ನನಗೆ ಕಿವಿಯೂ ಇತ್ತು.

ಆಗ ನನಗೆ ಇಪ್ಪತ್ತಮೂರು. ತಿರುಮಕೂಡಲು ನರಸೀಪುರದ ಕನ್ನಡ ಸ್ಕೂಲಿಗೆ ಅಸಿಸ್ಟೆಂಟ್ ಮೇಷ್ಟ್ರಾಗಿ ಹಾಕಿದ್ದರು. ಒಂದು ವರ್ಷ ಅಲ್ಲಿದ್ದೆ. ಬಾಡಿಗೆಗೆ ಸಿಕ್ಕಿದ್ದು ಬೆಲ್ಲದ ವ್ಯಾಪಾರಿ ಮಾದಪ್ಪನವರ ಮಂಡಿಯ ಹಿಂದಿನ ಕೋಣೆ. ಹಾಸಿಗೆ, ಬಟ್ಟೆ, ಕೊನೆಗೆ ನನ್ನ ಬೆವರೂ ಬೆಲ್ಲದ ವಾಸನೆ ಹೊಡೆಯುತ್ತಿತ್ತು. ಇರುವೆಗಳು ನನ್ನನ್ನೂ ಒಂದು ಅಚ್ಚು ಬೆಲ್ಲವೆಂದೇ ತಿಳಿದಿದ್ದವು. ಮಾದಪ್ಪನವರು ಸುತ್ತೂರು ಮಠದ ಒಕ್ಕಲು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಓದು ಬರುತ್ತಿರಲಿಲ್ಲ, ಓದಿಸಿ ಕೇಳುವ ಹಂಬಲ ಮಾತ್ರ ಬಹಳ. ಮೈಸೂರಿನಿಂದ ವಾರಕ್ಕೊಮ್ಮೆ ಶುಕ್ರವಾರ ಟಪಾಲಿನಲ್ಲಿ ಬರುತ್ತಿದ್ದ ಪತ್ರಿಕೆಗೆ ಅವರೇ ಚಂದಾ ಕಟ್ಟಿದ್ದರು. ನಾನು ಬರುವ ಮುಂಚೆ ಅದು ಬೆಲ್ಲ ಕಟ್ಟುವುದಕ್ಕೆ ಹೋಗುತ್ತಿತ್ತಂತೆ.

ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅವರ ಜಗಲಿಯ ಮೇಲೆ ನಾನು ಪತ್ರಿಕೆ ಓದಬೇಕು, ಊರು ಕೇಳಬೇಕು. ಒಂದೇ ದಿನದಲ್ಲಿ ಮುಗಿಯುತ್ತಿರಲಿಲ್ಲ. ಶನಿವಾರ, ಭಾನುವಾರ ಉಳಿದದ್ದನ್ನು ಓದಿ, ಸೋಮವಾರದಿಂದ ಓದಿದ್ದರ ಮೇಲೆ ಚರ್ಚೆ. ಪ್ರಶ್ನೆ ಕೇಳುವವನು ಜಗಲಿಯ ಮೇಲೆ ಒಂದು ಅಡಿಕೆ ಇಟ್ಟು ಕೇಳಬೇಕೆಂದು ಮಾದಪ್ಪನವರು ಕಟ್ಟಳೆ ಮಾಡಿದ್ದರು. ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಬಾಯಿ ಹಾಕುತ್ತಿದ್ದರು. ಸಂಜೆಯ ಕೊನೆಗೆ ಅಡಿಕೆಯೆಲ್ಲ ಮಾದಪ್ಪನವರ ಚೀಲಕ್ಕೆ. ಕಟ್ಟಳೆಯ ಗುಟ್ಟು ಅದೇ ಎಂದು ಜನ ಹಾಸ್ಯ ಮಾಡುತ್ತಿದ್ದರು.

ಏನೇನು ಮಾತಾಡಲಿಲ್ಲ ಆ ಜಗಲಿಯ ಮೇಲೆ! ಜಪಾನಿನವರು ರಷ್ಯದವರನ್ನು ಹೊಡೆದದ್ದು, ಹೆಣ್ಣುಮಕ್ಕಳಿಗೆ ಲೆಕ್ಕ ಕಲಿಸಬೇಕೋ ಬೇಡವೋ, ದಸರೆಯ ಪ್ರಜಾಪ್ರತಿನಿಧಿ ಸಭೆಯಲ್ಲಿ ನಮ್ಮ ತಾಲ್ಲೂಕಿನವರು ಬಾಯಿ ಬಿಟ್ಟರೋ ಇಲ್ಲವೋ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಬೆಂಗಳೂರಿಗೆ ದೀಪ ಹಚ್ಚುತ್ತಾರೆಂದು ಓದಿದ ವಾರವಂತೂ ಜಗಲಿ ಇಬ್ಭಾಗವಾಯಿತು. ನೀರಿನ ಸತ್ವವನ್ನೆಲ್ಲ ದೀಪಕ್ಕೆ ಹಿಂಡಿಕೊಂಡರೆ ಪೈರಿಗೆ ಉಳಿಯುವುದೇನು ಎಂದು ಅರ್ಧ ಜನ. ಹರಿಗೋಲು ಹಾಕುವ ಬೋರ ಮಾತ್ರ, ಹೊಳೆ ನಮ್ಮನ್ನು ದಾಟಿಕೊಂಡೇ ಅಲ್ಲಿಗೆ ಹೋಗಬೇಕು, ಆದ್ದರಿಂದ ಅದು ಕೆಳಗಿನವರ ಚಿಂತೆ ಎಂದು ತೀರ್ಪು ಕೊಟ್ಟ. ಬೋರನಿಗೆ ಇಡೀ ತಾಲ್ಲೂಕಿನ ಸುದ್ದಿ ಗೊತ್ತಿತ್ತು. ಹರಿಗೋಲಿನಲ್ಲಿ ಕುಳಿತವರು ಆಚೆ ದಡ ಮುಟ್ಟುವುದರೊಳಗೆ ಎಲ್ಲವನ್ನೂ ಅವನಿಗೆ ಹೇಳಿ ಇಳಿಯುತ್ತಿದ್ದರು.

ಹೊಳೆಯಾಚೆಯ ಹಳ್ಳಿಯಿಂದ ನಿಂಗೇಗೌಡರು ಬರುತ್ತಿದ್ದರು. ಐವತ್ತು ದಾಟಿದ ಒಕ್ಕಲಿಗರು, ಎತ್ತರದ ಆಳು, ಮಾತು ಕಡಿಮೆ. ಮಗಳು ಚಿಕ್ಕತಾಯಮ್ಮನನ್ನು ಮೂಗೂರಿಗೆ ಕೊಟ್ಟಿದ್ದರು. ಅವಳು ಎರಡು ವರ್ಷದ ಹೆಣ್ಣುಮಗುವನ್ನು ಕರೆದುಕೊಂಡು ದೀಪಾವಳಿಗೆ ತವರಿಗೆ ಬಂದಿದ್ದಳು. ದೀಪದ ಸುದ್ದಿ ಓದಿದ ಮರುದಿನ ಗೌಡರು ಅಡಿಕೆ ಇಟ್ಟು, ಇದು ತಮ್ಮದಲ್ಲ, ಮಗಳ ಪ್ರಶ್ನೆ ಎಂದು ಮೊದಲೇ ಹೇಳಿಕೊಂಡು, “ಆ ದೀಪಕ್ಕೆ ಗಾಳಿ ಬೀಸುದ್ರೆ ಆರಕಿಲ್ವಂತಾ?” ಅಂದರು. ಆರುವುದಿಲ್ಲ, ಅದಕ್ಕೆ ಗಾಜಿನ ಬುರುಡೆ ಇರುತ್ತದೆ ಎಂದೆ. ಮರುದಿನ ಇನ್ನೊಂದು ಅಡಿಕೆ. ಹಾಗಾದರೆ ಮಲಗುವಾಗ ಆರಿಸುವುದು ಹೇಗೆ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲಾರದೆ ಏನೋ ಹೇಳಿದೆ. ಅವಳಿಗೆ ನನ್ನ ಉತ್ತರ ಒಪ್ಪಿಗೆಯಾಗಲಿಲ್ಲವೆಂದು ಗೌಡರು ಬಂದು ತಿಳಿಸಿದಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು.

ಅದೇ ಪತ್ರಿಕೆಯ ಮೂರನೆಯ ಪುಟದಲ್ಲಿ ಒಂದು ಕಲಮು ಇರುತ್ತಿತ್ತು. ಪ್ಲೇಗಿನ ವಾರದ ವರದಿ. ಊರಿನ ಹೆಸರು, ಅದರ ಮುಂದೆ ಹೊಸದಾಗಿ ಬಿದ್ದವರ ಸಂಖ್ಯೆ, ಸತ್ತವರ ಸಂಖ್ಯೆ. ಮಳೆ ಬೆಳೆಯ ಸುದ್ದಿ ಓದಿದ ಹಾಗೆಯೇ ಅದನ್ನೂ ಓದುತ್ತಿದ್ದೆ. ಮೈಸೂರು, ಬೆಂಗಳೂರು ಅನ್ನುವಾಗ ಜನ ಲೊಚಗುಟ್ಟಿ ಸುಮ್ಮನಾಗುತ್ತಿದ್ದರು. ಒಂದು ವಾರ ನಮಗೆ ಹತ್ತಿರದ ಒಂದು ಹಳ್ಳಿಯ ಹೆಸರು ಅದರಲ್ಲಿ ಬಂತು, ಓದಿದೆ. ಮಾರನೆಯ ಬೆಳಿಗ್ಗೆ ಮಾದಪ್ಪನವರ ಮಂಡಿಯಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು.

ಇಲಿ ಬಿದ್ದರೆ ಹಿಂದೆಯೇ ಪ್ಲೇಗು ಎಂದು ಲೆಕ್ಕ, ಕಚೇರಿಗೆ ತಿಳಿದರೆ ಮುಗಿಯಿತು. ಹೆಂಚು ತೆಗೆಸುತ್ತಾರೆ, ಮನೆ ಬಿಡಿಸುತ್ತಾರೆ, ಊರಾಚೆ ಗುಡಿಸಲು ಹಾಕಿಕೊಂಡು ಇರಬೇಕು. ಮಾದಪ್ಪನವರು ಇಲಿಯನ್ನು ಸೌದೆಯ ಚಕ್ಕೆಯಲ್ಲಿ ಎತ್ತಿ ಒಲೆಗೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅದರ ಕುತ್ತಿಗೆಯ ಮೇಲೆ ಬೆಕ್ಕಿನ ಹಲ್ಲಿನ ಗುರುತು ಇದ್ದದ್ದನ್ನು ಕಣ್ಣಾರೆ ಕಂಡೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದರೆ, ಅವರು ಆಗಲೇ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಇಲಿಯನ್ನು ನಾನೇ ತಂದು ಹಾಕಿದೆನೋ ಎಂಬ ಹಾಗಿತ್ತು ಆ ನೋಟ.

ಆ ಸಂಜೆ ಓದು ಶುರುವಾಗುವ ಮೊದಲು ಮಾದಪ್ಪನವರು ಎಲ್ಲರ ಮುಂದೆ ಹೇಳಿದರು.

“ಮೇಷ್ಟ್ರೇ, ದೀಪ ಹಚ್ಚಿದ ಹೊತ್ತು ಅಸ್ತು ದೇವತೆಗಳು ತಿರುಗ್ತಿರ್ತವೆ. ನಾವು ಏನಂದ್ರೂ ಅಸ್ತು ಅಂತವೆ. ಇನ್ಮೇಲೆ ಆ ಕಲಮು ಬಿಟ್ಟು ಓದಿ.”

ಇಲಿಯ ಮಾತನ್ನು ಅವರು ಎತ್ತಲಿಲ್ಲ. ಆದರೆ ಎಲ್ಲರಿಗೂ ಅದು ಗೊತ್ತಿತ್ತು. ಬೋರ ಎಂದಿನಂತೆ ನಕ್ಕು, ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಓದಿದರೂ ಅಷ್ಟೆ ಬಿಟ್ಟರೂ ಅಷ್ಟೆ ಅಂದ. ಯಾರೂ ಅವನ ಜೊತೆ ನಗಲಿಲ್ಲ. ನಿಂಗೇಗೌಡರು, “ಬುಟ್ಬುಡಿ ಮೇಷ್ಟ್ರೇ. ಓದುದ್ರೆ ಅದೇನು ನಿಂತ್ಕಂಡದಾ” ಅಂದರು. ಗೌಡರು ಅಂದ ಮೇಲೆ ಊರು ಅಂದ ಹಾಗೆ. ಅಂದಿನಿಂದ ಆ ಕಲಮು ಬಂದಾಗ ನಾನು ಒಂದು ಸಲ ಕೆಮ್ಮಿ ಪುಟ ತಿರುವುತ್ತಿದ್ದೆ. ಕೆಮ್ಮಿದರೆ ಏನೆಂದು ಜಗಲಿಗೆ ತಿಳಿಯುತ್ತಿತ್ತು.

ಕಣ್ಣು ಮಾತ್ರ ಬಿಡುತ್ತಿರಲಿಲ್ಲ. ತಿರುವುವ ಮುಂಚೆ ಪಟ್ಟಿಯ ಮೇಲೆ ಓಡಿ ಬರುತ್ತಿತ್ತು. ಇಡೀ ಊರಿನಲ್ಲಿ ಅದು ತಿಳಿದಿದ್ದವನು ನಾನೊಬ್ಬನೇ ಎಂಬುದು ಮೊದಮೊದಲು ಎದೆ ಭಾರ ಮಾಡುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕಾರ್ತಿಕದಲ್ಲಿ ಸೋನೆ ಹಿಡಿಯಿತು. ರಾಗಿಯ ತೆನೆ ನೆನೆದು ಬಾಗಿತ್ತು, ಸ್ಕೂಲಿನ ಗೋಡೆ ಒಳಗಡೆಯೂ ಬೆವರುತ್ತಿತ್ತು. ಸಂಗಮದ ಕಡೆ ನೋಡಿದರೆ ಯಾವುದು ಕಪಿಲೆ, ಯಾವುದು ಕಾವೇರಿ, ಯಾವುದು ಮಂಜು ಎಂದು ಗೊತ್ತಾಗುತ್ತಿರಲಿಲ್ಲ.

ಒಂದು ಶುಕ್ರವಾರ ಪಟ್ಟಿಯಲ್ಲಿ ನಂಜನಗೂಡು ಇತ್ತು. ಅದರ ಹಿಂದಿನ ವಾರ ಇರಲಿಲ್ಲ. ನಂಜನಗೂಡಿನಿಂದ ಬರುವ ಗಾಡಿಯವರು ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಅವರ ಗಾಡಿಯನ್ನು ಊರೊಳಗೆ ಸೇರಿಸುತ್ತಿರಲಿಲ್ಲ. ನಾನು ಕೆಮ್ಮಿದೆ, ಪುಟ ತಿರುವಿದೆ, ಅಂದಿನ ಪಾಲಿನದನ್ನು ಓದಿ ಮುಗಿಸಿದೆ.

ಆಗ ನಿಂಗೇಗೌಡರು ಅಡಿಕೆ ಇಟ್ಟರು. ಮೊಮ್ಮಗಳಿಗೆ ಹೋದ ವರ್ಷ ಕಾಯಿಲೆಯಾಗಿದ್ದಾಗ ಮಗಳು ನಂಜುಂಡೇಶ್ವರನಿಗೆ ಮುಡಿ ಹರಸಿಕೊಂಡಿದ್ದಳಂತೆ. ಎರಡು ಸೋಮವಾರ ಅಲ್ಲೇ ಇದ್ದು ಸೇವೆ ಮಾಡಬೇಕು. ದೇವಸ್ಥಾನದ ಹತ್ತಿರದ ಬೀದಿಯಲ್ಲಿ ನೆಂಟರ ಮನೆಯಿದೆ. ನಾಡಿದ್ದು ಭಾನುವಾರ ಗಾಡಿ ಕಟ್ಟಿ, ಸುತ್ತೂರಿನ ಮಠದಲ್ಲಿ ಮಧ್ಯಾಹ್ನದ ಪ್ರಸಾದ ಮುಗಿಸಿಕೊಂಡು, ಸಂಜೆಗೆ ಸೇರುವ ಯೋಚನೆ. ಇಷ್ಟನ್ನೂ ಹೇಳಿ ಅವರು ಕೇಳಿದ್ದು ಒಂದೇ.

“ನಂಜನಗೂಡ್ ಕಡೆ ಎಂಗದೆ ಅಂತ ಬರ್ದವ್ರಾ ಮೇಷ್ಟ್ರೇ? ಮಳೆಗಿಳೆ?”

ಪತ್ರಿಕೆ ನನ್ನ ತೊಡೆಯ ಮೇಲೆ ಮಡಚಿ ಇತ್ತು. “ಮಳೆ ಅಷ್ಟಿಲ್ಲ ಗೌಡರೆ” ಅಂದೆ.

ಅದು ಸುಳ್ಳಲ್ಲ. ಮಳೆಯ ವರದಿಯಲ್ಲಿ ಹಾಗೇ ಇತ್ತು. ಮಾದಪ್ಪನವರು ಅಡಿಕೆ ಎತ್ತಿಕೊಂಡರು. ಗೌಡರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಎಲ್ಲರೂ ಹೋದ ಮೇಲೆ ಒಬ್ಬರನ್ನೇ ಕರೆದು ಹೇಳೋಣವೆಂದಿದ್ದೆ. ಅಷ್ಟರಲ್ಲಿ ಬೋರ ಹರಿಗೋಲು ಬಿಡುವ ಹೊತ್ತಾಯಿತೆಂದು ಅವರನ್ನು ಅವಸರ ಮಾಡಿದ.

ಶನಿವಾರ ಅರ್ಧ ದಿನದ ಸ್ಕೂಲು. ಬಿಟ್ಟೊಡನೆ ಹೊಳೆಯ ದಡಕ್ಕೆ ಹೋದೆ. ಹರಿಗೋಲು ಆಚೆ ದಡದಲ್ಲಿತ್ತು. ಕೂಗಿದೆ. ಬೋರ ಯಾರೊಡನೆಯೋ ಮಾತಾಡುತ್ತಿದ್ದ, ಕೇಳಿಸಲಿಲ್ಲ. ಹನಿ ಬೀಳುವುದಕ್ಕೆ ಶುರುವಾಯಿತು. ಒಂದು ಗಳಿಗೆ ಕಾದೆ, ಎರಡು ಗಳಿಗೆ ಕಾದೆ. ಕಾಯುವಾಗ ಮನಸ್ಸು ಬೇರೆ ಲೆಕ್ಕ ಹಾಕಿತು. ದೇವರ ಕೆಲಸಕ್ಕೆ ಹೊರಟವರ ಮುಂದೆ ಅಪಶಕುನ ಆಡಿದವನೆಂದು ಊರು ನನ್ನನ್ನು ಹೇಗೆ ನೋಡೀತು? ಮಾದಪ್ಪನವರು ಕೋಣೆ ಬಿಡಿಸಿದರೆ? ಅಷ್ಟು ದೊಡ್ಡ ಊರಿನಲ್ಲಿ ನಾಲ್ಕು ಜನ ಬಿದ್ದರೆ ಇವರಿಗೇ ಯಾಕೆ ಬಂದೀತು? ಆ ಇಲಿಯನ್ನು ಬೆಕ್ಕೇ ಕಚ್ಚಿತ್ತೆಂದು ತಿಳಿದಿದ್ದ ನನಗೂ, ಓದಿದ ಬಾಯಿಗೂ ಸತ್ತ ಇಲಿಗೂ ಏನೋ ಸಂಬಂಧವಿರಬಹುದೆಂಬ ಅಳುಕು ಹೊಕ್ಕಿತ್ತು. ಹರಿಗೋಲು ಹೊರಟದ್ದು ಕಾಣಿಸಿತು. ಅದು ನಡುಹೊಳೆಗೆ ಬರುವ ಮುಂಚೆ ನಾನು ತಿರುಗಿ ಮನೆಗೆ ಬಂದೆ.

ಪ್ರಯಾಣದ ಗಡಿಬಿಡಿಯಲ್ಲಿ ಗೌಡರು ಆ ಸಂಜೆ ಜಗಲಿಗೆ ಬರಲಿಲ್ಲ. ಭಾನುವಾರ ಅವರು ಹೋದರು. ಮುಂದಿನ ಶುಕ್ರವಾರ ನಂಜನಗೂಡಿನ ಮುಂದಿನ ಅಂಕಿ ಬೆಳೆದಿತ್ತು. ಆಗಲೂ ಕೆಮ್ಮಿದೆ. ಅಂದು ಯಾವುದೋ ಊರಿನಲ್ಲಿ ಅಳಿಯ ಮಾವನ ಮೇಲೆ ದಾವೆ ಹೂಡಿದ ಸುದ್ದಿಯಿತ್ತು. ಜಗಲಿ ಬಿದ್ದು ಬಿದ್ದು ನಕ್ಕಿತು. ನಾನು ಓದುತ್ತ ಅಳಿಯನಿಗೊಂದು ಧ್ವನಿ, ಮಾವನಿಗೊಂದು ಧ್ವನಿ ಕೊಟ್ಟೆ.

ಮಂಗಳವಾರ ಬೆಳಿಗ್ಗೆ ಬೋರ ಸ್ಕೂಲಿನ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಚಿಕ್ಕತಾಯಮ್ಮ ಗುರುವಾರ ಮಲಗಿದಳಂತೆ, ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತಂತೆ, ಊರಾಚೆಯ ಗುಡಿಸಲಿಗೆ ಸಾಗಿಸಿದರಂತೆ, ಶನಿವಾರ ಹೋದಳಂತೆ. ಮಣ್ಣು ಅಲ್ಲೇ ಆಯಿತು. ಮಗುವಿಗೆ ಏನೂ ಆಗಿಲ್ಲ. ಗೌಡರನ್ನೂ ಮಗುವನ್ನೂ ಹತ್ತು ದಿನ ಗುಡಿಸಲಿನಲ್ಲೇ ಇರಿಸಿಕೊಳ್ಳುತ್ತಾರಂತೆ. ಇಷ್ಟು ಹೇಳಿ ಬೋರ ಹೋದ.

ನಾನು ಒಳಗೆ ಹೋಗಿ ಹದಿಮೂರರ ಮಗ್ಗಿ ಹೇಳಿಸಿದೆ. ಹದಿನಾಲ್ಕರದೂ ಹೇಳಿಸಿದೆ. ಮಧ್ಯಾಹ್ನ ಮುದ್ದೆ ಉಂಡೆ, ಎರಡನೆಯ ಸಲ ಸಾರು ಬಡಿಸಿಕೊಂಡೆ. ನನಗೆ ಏನೂ ಅನ್ನಿಸಲಿಲ್ಲ. ಅಳು ಬರಬೇಕಾಗಿತ್ತು, ಬರಲಿಲ್ಲ, ಹೆದರಿಕೆಯಾಗಬೇಕಾಗಿತ್ತು, ಆಗಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕುಳಿತರೆ ಕಾಲು ತನ್ನದಲ್ಲವೆನ್ನಿಸುತ್ತದಲ್ಲ, ಇಡೀ ನಾನೇ ಹಾಗಾಗಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಬುದ್ಧಿಯೂ ಬರಲಿಲ್ಲ. ಆ ಶುಕ್ರವಾರ ಬಂದ ಪತ್ರಿಕೆಯ ಪಟ್ಟಿಯಲ್ಲಿ ಅವಳು ಸತ್ತ ವಾರದ ಅಂಕಿ ಇತ್ತು. ಅದನ್ನು ನೋಡಿ, ಕೆಮ್ಮಿ, ಪುಟ ತಿರುವಿದೆ. ಜಗಲಿಯ ಮೇಲೆ ಯಾರೂ ಗೌಡರ ಹೆಸರು ಎತ್ತಲಿಲ್ಲ. ಅವರು ಕೂರುತ್ತಿದ್ದ ಕಂಬದ ಬುಡ ಖಾಲಿಯಿತ್ತು.

ಮತ್ತೂ ಒಂದು ವಾರ ಕಳೆದ ಮೇಲೆ ಅವರು ಬಂದರು. ರಾಗಿ ಕೊಯ್ಲು ನಡೆಯುತ್ತಿತ್ತು, ಸಂಜೆಯ ಗಾಳಿಯಲ್ಲಿ ಒಣಹುಲ್ಲಿನ ದೂಳು. ನಾನು ಓದು ಶುರು ಮಾಡಿದ್ದೆ. ಗೌಡರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಹತ್ತಿ ಬಂದು ತಮ್ಮ ಜಾಗದಲ್ಲಿ ಕುಳಿತರು. ಗಡ್ಡ ಬೆಳೆದಿತ್ತು. ಮಾದಪ್ಪನವರು ಎಲೆಯಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿ, ಮಗು ಹೇಗಿದೆ ಎಂದರು. ಮೂಗೂರಿಗೆ, ಅದರ ಅಜ್ಜಿಯ ಹತ್ತಿರ ಬಿಟ್ಟು ಬಂದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನಾವು ಓಗಕ್ ಮುಂಚೆ ಓದುದ್ರಲ್ಲ, ಆ ಪೇಪರ್ನಲ್ಲಿ ಇತ್ತಾ ಮೇಷ್ಟ್ರೇ?”

ಏನು ಎಂದು ನಾನು ಕೇಳಲಿಲ್ಲ. ಅವರ ಧ್ವನಿಯಲ್ಲಿ ಕೋಪವಿದ್ದಿದ್ದರೆ ನಾನು ಸುಳ್ಳು ಹೇಳುತ್ತಿದ್ದೆನೋ ಏನೋ. ಮಳೆ ಹೇಗಿದೆ ಎಂದು ಕೇಳಿದ ಧ್ವನಿಯೇ ಅದು.

“ಇತ್ತು ಗೌಡರೆ.”

ಹೊಳೆಯ ದಡದವರೆಗೆ ಬಂದಿದ್ದೆನೆಂದು ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಂದು ತಿರುಗಿ ಹೋದೆನೆಂಬುದನ್ನೂ ಹೇಳಬೇಕಾಗುತ್ತದೆಂದು ನುಂಗಿಕೊಂಡೆ. ಗೌಡರು ತಲೆಯಾಡಿಸಿದರು, ಲೆಕ್ಕ ಸರಿಯಾಯಿತೆಂಬ ಹಾಗೆ.

“ಅದ್ನ ಈಗ ಓದಿ.”

ಹಳೆಯ ಪತ್ರಿಕೆಗಳನ್ನು ಕೋಣೆಯಲ್ಲಿ ತಂತಿಗೆ ಪೋಣಿಸಿಟ್ಟಿದ್ದೆ. ತಂದೆ. ಮೂರನೆಯ ಪುಟ ತೆಗೆದು, ಊರುಗಳ ಹೆಸರು ಒಂದೊಂದಾಗಿ ಓದಿ, ನಂಜನಗೂಡು ಅಂದು, ಅದರ ಮುಂದಿನ ಎರಡು ಅಂಕಿಗಳನ್ನೂ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇದ್ರಲ್ಲಿ ನನ್ ಮಗ್ಳಿಲ್ಲ.”

ಇಲ್ಲ, ಇದು ನೀವು ಹೋಗುವ ಮುಂಚಿನ ವಾರದ್ದು ಎಂದೆ.

“ಅವ್ಳಿರೋದ ಓದಿ.”

ಮತ್ತೆ ಎದ್ದು ಹೋಗಿ ಎರಡು ವಾರದ ಆಮೇಲಿನದನ್ನು ತಂದೆ. ನಂಜನಗೂಡು, ಹೊಸದಾಗಿ ಬಿದ್ದವರು ಇಷ್ಟು, ಸತ್ತವರು ಇಷ್ಟು. ಓದಿ ನಿಲ್ಲಿಸಿದೆ. ಮುಂದೇನಾದರೂ ಬರುತ್ತದೆಂದು ಅವರು ಕಾದರು. ಬರಲಿಲ್ಲವಾದಾಗ ಕಣ್ಣು ಬಿಟ್ಟರು.

“ಎಸ್ರು ಆಕಿಲ್ವಾ?”

ಹೆಸರು ಹಾಕುವುದಿಲ್ಲ, ಎಣಿಕೆ ಮಾತ್ರ ಎಂದೆ. ಅದು ಅವರಿಗೆ ಮೊದಲ ಸಲ ತಿಳಿದದ್ದು. ಇಷ್ಟು ದಿನ ಅದರಲ್ಲಿ ಹೆಸರುಗಳಿರುತ್ತವೆ ಎಂದೇ ಅವರು ತಿಳಿದಿದ್ದರು. ನಾನು ಓದದೆ ಬಿಟ್ಟದ್ದು ಹೆಸರುಗಳನ್ನು ಎಂದು. ಬೆರಳಿನಿಂದ ಪತ್ರಿಕೆಯನ್ನು ತೋರಿಸಿದರು.

“ನೀವು ಸೇರ್ಸ್ಕಂಡು ಓದಿ.”

ಪತ್ರಿಕೆಯನ್ನು ದೀಪದ ಹತ್ತಿರ ಹಿಡಿದೆ. ಓದುವುದಕ್ಕೆಂದೇ ನನಗೊಂದು ಧ್ವನಿಯಿತ್ತು, ಬೀದಿಯ ಆಚೆಗೂ ಕೇಳಿಸುವಂಥದು. ಆ ಧ್ವನಿಯಲ್ಲೇ ಓದಿದೆ. ನಂಜನಗೂಡು, ಸತ್ತವರು ಇಷ್ಟು ಮಂದಿ, ಅವರಲ್ಲಿ ನಿಂಗೇಗೌಡರ ಮಗಳು, ಮೂಗೂರಿನ ಸೊಸೆ, ಚಿಕ್ಕತಾಯಮ್ಮ ಒಬ್ಬಳು. ಮಾದಪ್ಪನವರು ನನ್ನನ್ನು ತಡೆಯಲಿಲ್ಲ. ಒಳಗೆ ಹೆಂಗಸರು ಪಾತ್ರೆ ತಿಕ್ಕುವ ಸದ್ದು ನಿಂತಿತು. ಗೌಡರು ಟವೆಲಿನಿಂದ ಮುಖ ಒರೆಸಿಕೊಂಡರು.

ಪುಟ ಮಡಚಲು ಹೋದೆ. ಆಗ ಮೆಟ್ಟಿಲ ಮೇಲೆ ಕುಳಿತಿದ್ದ ಬೋರ ಮಾತಾಡಿದ. ಎಲ್ಲದಕ್ಕೂ ನಗುತ್ತಿದ್ದವನು, ದಿನವೂ ಊರಿನ ಸುದ್ದಿಯನ್ನೆಲ್ಲ ತಂದು ಸುರಿಯುತ್ತಿದ್ದವನು, ತನ್ನದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

“ಮೈಸೂರ್ದೂ ಓದಿ ಸಾ. ನಮ್ಮಣ್ಣ ಅವ್ನೆ ಅದ್ರಲ್ಲಿ.”

ಅವನ ಅಣ್ಣನ ಹೆಸರು ನನಗೆ ಗೊತ್ತಿರಲಿಲ್ಲ. ಏನೆಂದು ಕೇಳಿದೆ. ಹೇಳಿದ. ಮೈಸೂರಿನ ಸಾಲು ಹುಡುಕಿ, ಓದುವುದಕ್ಕೆ ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ಅವರೆಲ್ಲರೂ ಕಾದರು.